ಯೋಗ್ಯ ಡ್ರೈವರ್ ಇಲ್ಲ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೂ ನಮ್ಮ ಕುರಿ ಸಾಕಣೆದಾರರ ಸಂಘದ ಮಾಜಿ ಅಧ್ಯಕ್ಷರೂ ಆದ ದೊಡ್ಡತಿಮ್ಮಪ್ಪನವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಜೀಪಿನ ಡ್ರೈವರ್ ಎತ್ತಪ್ಪಣ್ಣನವರೇ, ಮುಂದಿನ ಸಾಲಿನಲ್ಲಿ ಆಗಲೇ ಕಣ್ಣೊರೆಸಿಕೊಳ್ಳುತ್ತಿರುವ ಅವರ ಮನೆಯವರಾದ ಉಚ್ಚಂಗೆಮ್ಮನವರೇ, ಹಿರಿಯೂರಿನ ಸಭಿಕರೇ,

ಎರಡು ಮಾತು ಸಾಕು ಎಂದಿದ್ದಾರೆ ಕಾರ್ಯದರ್ಶಿಗಳು. ಕಂಪ್ಯೂಟರ್ ಆಪರೇಟರ್ ಅನುಸೂಯ ಎರಡಕ್ಕೆ ನಿಲ್ಲಿಸುವವಳಲ್ಲ ಎಂಬುದು ಅವರಿಗೂ ಗೊತ್ತು.

2003ರ ಮಾತು. ಯಾರ ಕುರಿಗೆ ಯಾವ ಲಸಿಕೆ ಆಗಿದೆ ಎಂಬುದೆಲ್ಲ ಆಗಷ್ಟೇ ಕಂಪ್ಯೂಟರಿಗೆ ಸೇರಿತ್ತು. ಅದನ್ನು ತೆರೆದು ನೋಡಲು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ತಂತ್ರಾಂಶವಿತ್ತು. ಕೆಟ್ಟ ಕಂಪ್ಯೂಟರ್ ದುರಸ್ತಿಯಾಗಿ ಬಂದ ದಿನ, ತಂತ್ರಾಂಶ ತೆರೆದರೆ ಇಂಗ್ಲಿಷಿನಲ್ಲಿ ಒಂದೇ ಸಾಲು: ನೋ ಸೂಟಬಲ್ ಡ್ರೈವರ್. ನನ್ನ ಹಿಂದೆಯೇ ನಿಂತಿದ್ದ ಅಂದಿನ ಅಧ್ಯಕ್ಷರು ದೊಡ್ಡತಿಮ್ಮಪ್ಪನವರು ಅದನ್ನು ಓದಿಬಿಟ್ಟರು.

ಹಿಂದಿನ ವಾರವಷ್ಟೇ ಲಸಿಕೆ ತುಂಬಿದ್ದ ಜೀಪು ಆದಿವಾಲದ ಹತ್ತಿರ ಕೆಸರಿನಲ್ಲಿ ಹೂತಿತ್ತು. ಕೇಳಬೇಕೆ? "ನೋಡ್ರಿ, ಮಿಷನ್ನಿಗೂ ಗೊತ್ತಾಗೈತೆ! ಯೋಗ್ಯ ಡ್ರೈವರ್ ಇಲ್ಲ ಅಂತೈತೆ. ಎತ್ತಪ್ಪನ್ನ ಬಿಡ್ಸಿ ಬ್ಯಾರೆಯವ್ರನ್ನ ಹಾಕಾಣ" ಎಂದರು. ಸಾರ್, ಈಗ ನಗುತ್ತಿದ್ದೀರಿ. ಅಂದು ನಕ್ಕಿದ್ದಿರಾ?

ಕಂಪ್ಯೂಟರಿನ ಡ್ರೈವರ್ ಮನುಷ್ಯನಲ್ಲ, ಮಾಹಿತಿ ಇಟ್ಟ ಜಾಗಕ್ಕೆ ಹೋಗಿ ತರುವ ಸಣ್ಣದೊಂದು ಪ್ರೋಗ್ರಾಂ ಎಂದು ಬಡಿದುಕೊಂಡೆ. "ಏನಮ್ಮ, ಡ್ರೈವರ್ ಅಂದ್ರೆ ಡ್ರೈವರ್ರೇ. ಸಂಘದಾಗೆ ಇರಾನು ಒಬ್ನೇ" ಎಂದರು. ಮರುದಿನದ ಸಭೆಯಲ್ಲಿ ಎತ್ತಪ್ಪಣ್ಣನನ್ನು ಬಿಡಿಸುವುದೆಂದು ಅಂದೇ ಮಾತಾಯಿತು.

ಮನೆಯಲ್ಲಿ ನಮ್ಮ ಯಜಮಾನರು ಮಾರುತೇಶ್, "ನಿಂಗ್ಯಾಕೆ ಇಲ್ಲದ ಉಸಾಬರಿ? ಮೊದ್ಲೇ ಹಂಗಾಮಿ ಕೆಲಸ" ಎಂದರು. ನಿಜ. ಇಂದಿಗೂ ಹಂಗಾಮಿಯೇ; ಅಧ್ಯಕ್ಷರು ಇಲ್ಲೇ ಇರುವುದರಿಂದ ಹೇಳಿದೆ ಅಷ್ಟೇ. ಆದರೆ ಆ ಕಂಪ್ಯೂಟರನ್ನು ಚಿತ್ರದುರ್ಗದಿಂದ ತಮ್ಮ ಕಂಬಳಿ ಸುತ್ತಿ ತಂದವರು ಎತ್ತಪ್ಪಣ್ಣ. ಅದೇ ಅವರ ಮೇಲೆ ಸಾಕ್ಷಿ ಹೇಳುವುದೆಂದರೆ? ನನಗೆ ಸಿಟ್ಟು ಬಂತು. ಬಿಡಬಾರದು ಎಂದುಕೊಂಡೆ.

ಮರುದಿನ ಸಭೆಯ ಮುಂದೆಯೇ ಕಂಪ್ಯೂಟರ್ ಹಚ್ಚಿದೆ. "ಸಾರ್, ಎತ್ತಪ್ಪಣ್ಣ ಕೆಲ್ಸದಾಗೆ ಇರುವಾಗ್ಲೇ ಈ ಸಾಲು ಹೋದ್ರೆ ನಂಬ್ತೀರಾ?" ಎಂದೆ. "ನಂಬ್ತೀನಿ" ಎಂದರು. ಡ್ರೈವರಿನ ಫೈಲು ಇದೆಯೇ ನೋಡಿದೆ; ಇತ್ತು. ಎಲ್ಲಿದೆ ಎಂದು ತಂತ್ರಾಂಶಕ್ಕೆ ತಿಳಿದಿದೆಯೇ? ತಿಳಿದಿರಲಿಲ್ಲ, ತಿಳಿಸಿದೆ. ತೆರೆದರೆ ಮತ್ತೆ ಅದೇ ಸಾಲು! ಎತ್ತಪ್ಪಣ್ಣ ಎದ್ದರು. "ಬಿಡವ್ವ, ನನ್ ಹಣೇಬರಾನೇ ಇಷ್ಟು."

"ಸುಮ್ಕೆ ಕುಂತ್ಕಳ್ರಿ!" ಎಂದು ಗದರಿಬಿಟ್ಟೆ. ಹಿರಿಯರಿಗೆ ಹಾಗೆ ಗದರಿದ್ದು ಅದೊಂದೇ ಸಲ.

ಆಮೇಲೆ, ಮಾಹಿತಿ ಇಟ್ಟ ಜಾಗ ಯಾವುದೆಂದು ಹೇಳುವ ವಿಳಾಸದ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದೆ. ವಿಳಾಸದ ಮೊದಲ ಭಾಗ ನೋಡಿಯೇ ಡ್ರೈವರ್ ಇದು ತನ್ನ ದಾರಿ ಹೌದೋ ಅಲ್ಲವೋ ಹೇಳುವುದು. ದುರಸ್ತಿಯಾದ ಮೇಲೆ ಹೊಸದಾಗಿ ಟೈಪು ಮಾಡುವಾಗ ಅಲ್ಲಿ ಒಂದು ಚಿಹ್ನೆ, ಒಂದರ ಮೇಲೊಂದು ಇರುವ ಎರಡು ಚುಕ್ಕೆ, ಬಿಟ್ಟುಹೋಗಿತ್ತು. ಹಾಕಿದೆ. ಆದಿವಾಲದ ಕುರಿಗಳೆಲ್ಲ ಪರದೆಯ ಮೇಲೆ ಸಾಲಾಗಿ ಬಂದವು.

"ಹಂಗಾದ್ರೆ ಅಡ್ರೆಸ್ಸೇ ತಪ್ಪಿತ್ತೇನಮ್ಮ?" ಎಂದರು ದೊಡ್ಡತಿಮ್ಮಪ್ಪನವರು. "ಹೌದು ಸಾರ್. ಡ್ರೈವರದ್ದೇನೂ ತಪ್ಪಿರ್ಲಿಲ್ಲ." ಕೆಸರಿನ ದಿನ, ಕೆರೆಯಂಗಳದ ದಾರಿಯಲ್ಲೇ ಹೋಗು ಎಂದು ಜೀಪು ಕಳಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಇಂದೂ ಕೇಳುವುದಿಲ್ಲ, ಅವರು ಮುಖ್ಯ ಅತಿಥಿಗಳು. ಆದರೆ ಮಾತಿಗೆ ತಪ್ಪಲಿಲ್ಲ, ಎತ್ತಪ್ಪಣ್ಣನ ಕೆಲಸ ಉಳಿಸಿದರು. ಅದನ್ನೂ ಹೇಳಬೇಕು.

ಹೊರಗೆ ಬಂದು ಎತ್ತಪ್ಪಣ್ಣ ಮೆಲ್ಲಗೆ ಕೇಳಿದರು, "ತಂಗೀ, ಈಗ ಡ್ರೈವರ್ ಬಗ್ಗೆ ಏನ್ ಬರೀತೈತೆ ಅದ್ರಾಗೆ?"

"ಏನೂ ಬರೆಯಲ್ಲಣ್ಣ. ಡ್ರೈವರ್ ಸರಿಯಾಗಿದ್ರೆ ಅದು ಅವ್ನ ಹೆಸ್ರೇ ಎತ್ತಲ್ಲ" ಎಂದಿದ್ದೆ.

ಸಭಿಕರೇ, ಇಷ್ಟು ವರ್ಷ ನಾವೂ ಇವರ ಹೆಸರೆತ್ತಲಿಲ್ಲ. ಜೀಪು ಬಂತು ಎಂದೆವು, ಎತ್ತಪ್ಪ ಬಂದ ಎನ್ನಲಿಲ್ಲ. ಆದ್ದರಿಂದ ಇಂದು ಮೈಕಿನಲ್ಲಿ, ಕಂಪ್ಯೂಟರಿಗೂ ಕೇಳುವಷ್ಟು ಜೋರಾಗಿ ಹೇಳುತ್ತೇನೆ: ಯೋಗ್ಯ ಡ್ರೈವರ್ ಇದ್ದಾರೆ. ಅವರ ಹೆಸರು ಎತ್ತಪ್ಪ.

ತಾಳ್ಮೆಯಿಂದ ಕೇಳಿದ ನಿಮಗೂ, ಚೀಟಿ ಕಳಿಸದೆ ಸುಮ್ಮನಿದ್ದ ಕಾರ್ಯದರ್ಶಿಗಳಿಗೂ ಋಣಿ. ಎಲ್ಲರಿಗೂ ನಮಸ್ಕಾರ.