ಕಣ್ಣಿಡದ ಸೋದರಮಾವ

ಸೋದರಮಾವನ ಮೂರ್ತಿಗೆ ಇನ್ನೂ ಕಣ್ಣಿಟ್ಟಿಲ್ಲ ಅಂದುಕೊಳ್ಳಿ. ಅದರ ಎದುರಿಗೇ ಅದರ ಪಾಲಿನ ಹಂದಿ ಕೊಯ್ದು ತಿಂದರೆ ಏನಾಗುತ್ತೆ? ಹೇಳಿ ನೋಡೋಣ... ಊಹೂಂ, ಅದಲ್ಲ. ಕಾಲೇಜು ಓದಿ, ಮೇಷ್ಟ್ರಾಗಿ ನಿವೃತ್ತನಾದವನು ನಾನು, ಗಾಳಿಮಾತು ಹೇಳುವವನಲ್ಲ. ನನ್ನ ದೊಡ್ಡಮ್ಮನ ಮಗ ಅಪೆಲಿಸ್‌ಗೇ ಆದದ್ದು ಇದು.

ನಮ್ಮ ತಬಾರ್ ದ್ವೀಪದಲ್ಲಿ ಅವನಷ್ಟು ಚೆನ್ನಾಗಿ ಮರ ಕೆತ್ತುವವರಿಲ್ಲ, ಅವನಷ್ಟು ಸೋಮಾರಿಯೂ ಇಲ್ಲ. ತೀರಿಕೊಂಡ ಸೋದರಮಾವ ಕೊಂಬೆಂಗ್‌ನ ಮೂರ್ತಿ ಕೆತ್ತಿ ಆಲದ ಮರದ ಬುಡದ ಬೇಲಿಯೊಳಗೆ ನಿಲ್ಲಿಸಿದ್ದ. ಕಣ್ಣು ಮಾತ್ರ ಬಾಕಿ. ಕಡಲ ಬಸವನಹುಳುವಿನ ಚಿಪ್ಪಿಗಿರುವ ದುಂಡನೆಯ ಬಾಯಿಮುಚ್ಚಳವನ್ನು ಕಣ್ಣಾಗಿ ಕೂರಿಸುವುದು ಕೊನೆಗೆ, ಸತ್ತವರ ಹೆಸರಿನ ಊಟದ ದಿನ. ಆ ಊಟಕ್ಕೆಂದೇ ಮಾವ ಸಾಕಿ ಬಿಟ್ಟುಹೋದ ಹಂದಿಯೊಂದಿತ್ತು. ಹೆಂಡತಿಯ ಅಣ್ಣಂದಿರು ಬಂದರು ಅಂತ ಅಪೆಲಿಸ್ ಅದನ್ನೇ ಕೊಯ್ದ, ಬೇಲಿಯ ಮುಂದೆಯೇ. ಹೆಂಡತಿ ರೊಸ್ಲಿನ್ ಬೇಡವೆಂದಳಂತೆ. ಇವನು ನಕ್ಕುಬಿಟ್ಟ.

"ಮಾವನಿಗೆ ಇನ್ನೂ ಕಣ್ಣೇ ಬಂದಿಲ್ಲ ಕಣೇ. ಎಲ್ಲಿ ಕಾಣುತ್ತೆ?"

ರಾತ್ರಿ ಭಾವಂದಿರನ್ನು ದೋಣಿ ಹತ್ತಿಸಿ ಒಬ್ಬನೇ ವಾಪಸ್ಸು ಹೊರಟ. ಆಲದ ಮರ ದಾಟಿದ್ದೇ ತಡ, ಹಿಂದೆ ಸದ್ದು. ಟೊಕ್... ಸರಕ್. ಟೊಕ್... ಸರಕ್. ಮರಕ್ಕೆ ಮರ ತಾಗಿದ್ದು ಟೊಕ್. ಅಂಗೈ ತೊಗಟೆ ಸವರಿದ್ದು ಸರಕ್. ಕುರುಡರು ಗೋಡೆ ಹಿಡಿದು ಬರ್ತಾರಲ್ಲ... ಹಾಗೆ, ಒಂದೊಂದೇ ತೆಂಗಿನಮರ ತಡವುತ್ತಾ ಬರುತ್ತಿತ್ತು.

ಓಡಿ ಮನೆ ಸೇರಿದ. ದೀಪ ಆರಿಸಿ, ರೊಸ್ಲಿನ್ ಪಕ್ಕ ಉಸಿರು ಬಿಗಿಹಿಡಿದು ಮಲಗಿದ. ಟೊಕ್... ಬಿದಿರಿನ ಗೋಡೆ. ಸರಕ್... ಬಾಗಿಲ ಚಾಪೆ.

"ಯಾರ್ರೀ ಅದು?"

"ಸುಮ್ನಿರೇ..."

ತಣ್ಣನೆಯ ಮರದ ಬೆರಳು. ಮೊದಲು ಅವಳ ಮುಖ ಸವರಿ ಬಿಟ್ಟಿತು. ಆಮೇಲೆ ಇವನದು. ತುಟಿಯ ಮೇಲಿನ ಹಂದಿಯ ಜಿಡ್ಡಿಗೆ ಬಂದು ನಿಂತಿತು... ಮೇಲೆ ಸರಿಯಿತು. ಮುಚ್ಚಿದ ರೆಪ್ಪೆಗಳ ಮೇಲೆ ಎರಡೂ ಹೆಬ್ಬೆರಳು ಊರಿ, ಮೆಲ್ಲಗೆ ಸುತ್ತ ತಿರುಗಿಸಿತು. ಅಪೆಲಿಸ್‌ಗೆ ಗೊತ್ತಾಯಿತು. ಕಣ್ಣು ಕೂರಿಸುವ ಮುಂಚೆ ಕೆತ್ತುವವನು ಅಳತೆ ನೋಡುವುದು ಹೀಗೇ. ಮಾವನೇ ಕಲಿಸಿದ್ದು.

"ಮಾವಾ... ಬೆಳಗಾಗ್ಲಿ. ಕಣ್ಣಿಡ್ತೀನಿ."

ಒಣಮರ ಬಿರಿದಂಥ ದನಿ, ಕಿವಿಯ ಹತ್ತಿರವೇ.

"ಇವೇ ಸರಿಹೋಗ್ತವೆ."

ರೊಸ್ಲಿನ್ ಕಡ್ಡಿ ಗೀರಿದಳು. ಯಾರೂ ಇಲ್ಲ.

ಬೆಳಗ್ಗೆ ಬೇಲಿಯೊಳಗೆ ನಾನೂ ಹೋಗಿದ್ದೆ. ಮೂರ್ತಿಯ ಹೆಬ್ಬೆರಳಿಗೆ ಇರುವೆ ಮುತ್ತಿತ್ತು. ಅಳತೆ ನೋಡಿಯೇ ಎತ್ತಿಟ್ಟಿದ್ದ ಮುಚ್ಚಳಗಳು ಕಣ್ಣಿನ ಗುಳಿಯಲ್ಲಿ ಕೂರಲೇ ಇಲ್ಲ, ಎಷ್ಟು ಸಲ ಇಟ್ಟರೂ ಉದುರಿದವು. ಬೇರೆ ಹಂದಿ ತಂದು ಊಟ ಹಾಕಿಸಿದ್ದಾಯಿತು. ಮೂರ್ತಿ ಕಣ್ಣಿಲ್ಲದೆಯೇ ನಿಂತು, ಕೊಳೆತು ಮಣ್ಣಾಯಿತು.

ಇವತ್ತಿಗೂ ಅಪೆಲಿಸ್ ಮಲಗುವಾಗ ಎರಡು ಕಣ್ಣಿಗೂ ತೆಂಗಿನ ಕರಟ ಕಟ್ಟಿಕೊಳ್ತಾನೆ. ಬೆಳಗ್ಗೆ ಕರಟದ ಮೇಲೆ ದುಂಡಗೆ ಉಜ್ಜಿದ ಗುರುತು ಇರುತ್ತೆ... ಹೊಸದು. ನಗಬೇಡಿ, ನಾನೇ ಮುಟ್ಟಿ ನೋಡಿದ್ದೇನೆ. ಅವನು ಆ ಹಂದಿ ಕೊಯ್ದದ್ದು ಸಾವಿರದ ಒಂಬೈನೂರ ಎಂಬತ್ತೇಳನೇ ಇಸವಿ, ನವೆಂಬರ್ ಆರು, ಶುಕ್ರವಾರ.