ಕೆಂಪು ಗುರುತು ಬಿದ್ದ ಮೂರು ಕುರಿ

ದಿನಾಂಕ 14, ಗುರುವಾರ ಬೆಳಿಗ್ಗೆ ಫಿರ್ಯಾದಿ ತಾವಾಗಿ ಠಾಣೆಗೆ ಬಂದು ಹೇಳಿದ್ದನ್ನು ಬರೆದುಕೊಂಡಿದ್ದು.

ಓಣಿಯಲ್ಲಿ ಕೊಂಬಿನಕ್ಕ ಎಂದು ಕರೆಯುವುದು ನನ್ನನ್ನೇ. ವಯಸ್ಸು ನಲವತ್ತಾರು. ಕಸುಬು ಕುರಿ ಸಾಕಣೆ. ವಾಸ, ನೀರಿನ ಟ್ಯಾಂಕಿನ ಹಿಂದಿನ ಓಣಿಯ ಕೊನೆಯ ಮನೆ. ದೊಡ್ಡಿ ಮನೆಗೆ ಅಂಟಿಕೊಂಡೇ ಇದೆ. ನನ್ನ ಮೈದುನನ ಮೇಲೆ ದೂರು ಕೊಡುತ್ತಾ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಬಳಿ ಹನ್ನೊಂದು ಹೆಣ್ಣು ಕುರಿ ಮತ್ತು ಒಂದು ಟಗರು ಇವೆ. ಎಲ್ಲಕ್ಕೂ ಕೊಂಬಿದೆ. ಈ ಮಂದೆ ಕಟ್ಟಿದವರು ತೀರಿಕೊಂಡ ನನ್ನ ಮಾವ. ಎಷ್ಟೋ ಟಗರುಗಳ ಕೊಂಬು ಸುತ್ತಿ ಬಂದು ಕೆನ್ನೆಗೇ ಚುಚ್ಚುತ್ತದೆ, ಆಗ ಗರಗಸದಿಂದ ತುದಿ ಕತ್ತರಿಸಬೇಕಾಗುತ್ತದೆ. ಕೆನ್ನೆ ಬಿಟ್ಟು ಹೊರಕ್ಕೆ ತಿರುಗುವ ಕೊಂಬಿನ ಮರಿಗಳನ್ನೇ ಆರಿಸಿ ಆರಿಸಿ ಮಾವ ಉಳಿಸಿಕೊಂಡರು. ಅವರ ಗರಗಸ ಈಗ ದೊಡ್ಡಿಯ ಗೋಡೆಯಲ್ಲಿ ತುಕ್ಕು ಹಿಡಿದಿದೆ. ಅದಕ್ಕೆ ಕೆಲಸವಿಲ್ಲದಂತೆ ಮಾಡಲು ಅವರಿಗೆ ಒಂದು ಆಯುಷ್ಯ ಹಿಡಿಯಿತು.

ಮೈದುನನ ದೊಡ್ಡಿ ಪಕ್ಕದ್ದು, ನಡುವೆ ತಂತಿ ಬೇಲಿ. ಅವನು ಸಾಕುವುದು ಕೊಂಬಿಲ್ಲದ ಬೋಳು ಕುರಿ. ನಮ್ಮ ಕುರಿಗಳ ಕೊಂಬು ಸಿಕ್ಕಿ ಬೇಲಿ ಹಾಳಾಗುತ್ತದೆಂದು ವರ್ಷವಿಡೀ ಗೊಣಗುತ್ತಾನೆ. ತನ್ನ ಬೋಳು ಟಗರನ್ನು ನನ್ನ ಕುರಿಗಳಿಗೆ ಬಿಡುತ್ತೇನೆಂದು ಹೋದ ವರ್ಷ ಕೇಳಿದ್ದ. ಕೂಡದು ಎಂದಿದ್ದೆ. ಅಂದದ್ದು ಊಟಕ್ಕೆ ಕೂತಾಗ, ಎಲ್ಲರೆದುರಿಗೆ. ಆದ್ದರಿಂದ ತನಗೆ ಗೊತ್ತಿರಲಿಲ್ಲವೆಂದು ಅವನು ಹೇಳುವಂತಿಲ್ಲ.

ಇದು ಕುರಿಗಳು ಬೆದೆಗೆ ಬರುವ ಕಾಲ. ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಟಗರಿನ ಎದೆಗೆ ಬಳಿದು ಮಂದೆಗೆ ಬಿಡುತ್ತೇವೆ. ಅದು ಹಾರಿದ ಕುರಿಯ ಸೊಂಟಕ್ಕೆ ಬಣ್ಣ ಹತ್ತುತ್ತದೆ. ಯಾವುದು ಯಾವಾಗ ಈಯುತ್ತದೆಂದು ಅದರಿಂದ ತಿಳಿಯುತ್ತದೆ. ಬೆದೆಯ ಒಂದು ಸುತ್ತು ಮುಗಿದ ಮೇಲೆ ಬಣ್ಣ ಬದಲಿಸುತ್ತೇವೆ. ಮೊದಲ ಸುತ್ತಿಗೆ ಕೆಂಪು ಬಳಿದಿದ್ದೆ. ಏಳು ಕುರಿಗಳಿಗೆ ಕೆಂಪು ಹತ್ತಿತು, ನಾಲ್ಕು ಉಳಿದವು. ಸೋಮವಾರ ಸಂಜೆ ಟಗರಿನ ಎದೆ ತೊಳೆದು ನೀಲಿ ಬಳಿದೆ. ಇದನ್ನು ಯಾರಿಗೂ ಹೇಳಲಿಲ್ಲ; ಹೇಳುವಂಥ ಸಂಗತಿಯೂ ಅಲ್ಲ.

ಮಂಗಳವಾರ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಸಂಜೆ ಬಂದಾಗ ಟಗರನ್ನು ಮೇವಿನ ಕೋಣೆಯಲ್ಲಿ ಕೂಡಿಹಾಕಲಾಗಿತ್ತು. ಬಾಗಿಲು ಗುದ್ದಿ ಗುದ್ದಿ ಅದರ ಎಡಗೊಂಬಿನ ಬುಡದಲ್ಲಿ ರಕ್ತ ಒಸರಿತ್ತು. ಬಾಕಿಯಿದ್ದ ನಾಲ್ಕರಲ್ಲಿ ಮೂರು ಕುರಿಗಳ ಸೊಂಟದ ಮೇಲೆ ಹಸಿ ಕೆಂಪು ಇತ್ತು.

ಟಗರನ್ನು ಕೂಡಿಹಾಕಿದವರು ನನ್ನ ಅತ್ತೆ. ಅದಕ್ಕೆ ಒಂದು ದಿನ ವಿಶ್ರಾಂತಿ ಬೇಕೆಂದು ನಾನೇ ಹೇಳಿಹೋಗಿದ್ದೇನೆ ಎಂದು ಮೈದುನ ಅವರನ್ನು ನಂಬಿಸಿದ್ದ. ಅವನು ಸ್ವತಃ ಟಗರಿನ ಹತ್ತಿರ ಹೋಗುವುದಿಲ್ಲ, ಒಮ್ಮೆ ಅದು ಅವನನ್ನು ಗುದ್ದಿ ನೀರಿನ ತೊಟ್ಟಿಗೆ ಕೆಡವಿದೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದೆಯ ಬಣ್ಣ ಅವರಿಗೆ ಕಾಣಲಿಲ್ಲ, ಅವನು ನೋಡಲಿಲ್ಲ. ಇನ್ನೂ ಕೆಂಪೇ ಇದೆಯೆಂದುಕೊಂಡು ತನ್ನ ಬೋಳು ಟಗರಿನ ಎದೆಗೂ ಕೆಂಪು ಬಳಿದು ನನ್ನ ಮಂದೆಗೆ ಬಿಟ್ಟಿದ್ದ.

ಮೈದುನನನ್ನು ಕರೆಸಿದೆ. ಅವನು ಮೂರು ಕುರಿಗಳನ್ನು ನೋಡಿ, ‘ನಿಮ್ಮ ಟಗರು ಭಾರಿ ಗಟ್ಟಿ ಕಣತ್ತಿಗೆ, ಒಂದೇ ದಿನಕ್ಕೆ ಮೂರು’ ಎಂದು ನಕ್ಕ. ನಾನು ಮೇವಿನ ಕೋಣೆಯ ಬಾಗಿಲು ತೆಗೆದೆ. ಟಗರು ನೀಲಿ ಎದೆ ಹೊತ್ತು ಹೊರಬಂತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ, ಕೊಂಬನ್ನೇನು ಕಡಿದು ತಿನ್ನುತ್ತೀರಾ, ಮನೆಯವನಾಗಿ ಒಳ್ಳೆಯದಕ್ಕೇ ಮಾಡಿದೆ, ಮರಿ ಹುಟ್ಟಿದ ಮೇಲೆ ನೀವೇ ನನ್ನನ್ನು ನೆನೆಯುತ್ತೀರಿ ಎಂದ.

ಅಲ್ಲಿಯವರೆಗೆ ಅತ್ತೆ, ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುತ್ತಿದ್ದರು. ಇದನ್ನು ಕೇಳಿದ ಮೇಲೆ ಅವನನ್ನು ಒಂದೇ ಮಾತು ಕೇಳಿದರು: ‘ನಿಮ್ಮಪ್ಪನ ಮಂದೇನ ನನ್ನ ಕೈಯಿಂದ್ಲೇ ಹಾಳು ಮಾಡಿಸಿದ್ಯೇನೋ?’

ಅವನು ಬೇಲಿ ದಾಟಿ ಹೋದ.

ಬುಧವಾರ ದನದ ಡಾಕ್ಟರು ಬಂದರು. ಈಗಲೇ ಬೇಡ, ಒಂದು ವಾರ ಬಿಟ್ಟು ಸೂಜಿ ಹಾಕಿದರೆ ಗಬ್ಬ ಇಳಿದು ಕುರಿಗಳು ಮತ್ತೆ ಬೆದೆಗೆ ಬರುತ್ತವೆ ಎಂದರು. ಆದರೆ ಮೂರರಲ್ಲಿ ಒಂದು, ನಾವು ದೊಡ್ಡಮ್ಮ ಎಂದು ಕರೆಯುವ ಕುರಿ, ಮಾವ ಕೈಯಾರೆ ಆರಿಸಿದ ಕೊನೆಯ ಮರಿ. ಈಗ ಮುದಿಯಾಗಿದೆ. ಅದು ಇನ್ನೊಮ್ಮೆ ಬೆದೆಗೆ ಬರುವ ಭರವಸೆ ಇಲ್ಲ ಎಂದರು.

ಈ ಹೇಳಿಕೆ ಬರೆಯುತ್ತಿರುವ ಪೇದೆಯವರು, ಟಗರನ್ನು ಎರಡನೇ ಆರೋಪಿ ಮಾಡೋಣವೇ ಎಂದು ಕೇಳಿದರು. ಬೋಳು ಟಗರಿನದು ತಪ್ಪಿಲ್ಲ, ಅದನ್ನೂ ಬರೆದುಕೊಳ್ಳಿ ಎಂದಿದ್ದೇನೆ. ಕುರಿಗಳು ಹೇಗೂ ಮರಿ ಹಾಕುತ್ತವಲ್ಲ, ನಷ್ಟವೇನು ಎಂದು ಸಾಹೇಬರು ಕೇಳಿದರು. ಒಬ್ಬರ ಹೊಲಕ್ಕೆ ಕದ್ದು ನುಗ್ಗಿ ತನಗೆ ಬೇಕಾದ ಬೀಜ ಬಿತ್ತಿದವನು, ಬೆಳೆ ಬಂತಲ್ಲ ಎಂದರೆ ಸಾಕೇ? ರಾಜಿಗೆ ನಾನು ಒಪ್ಪುವುದಿಲ್ಲ.

ಇಷ್ಟೂ ನಾನು ಕಂಡದ್ದು, ಕೇಳಿದ್ದು. ಓದಿ ಹೇಳಿದ್ದನ್ನು ಕೇಳಿಸಿಕೊಂಡೆ. ಸರಿಯಿದೆ, ಯಾರ ಒತ್ತಾಯವೂ ಇಲ್ಲ.

ಸಹಿಗೆ ಮುಂಚೆ ಸೇರಿಸಿದ್ದು: ಮೂರಕ್ಕೂ ಸೂಜಿ ಹಾಕಿಸು, ಅವನದ್ದು ಒಂದೂ ಬೇಡ ಎಂದು ಹೊರಗೆ ಬೆಂಚಿನ ಮೇಲೆ ಕೂತಿರುವ ಅತ್ತೆ ಹೇಳಿದ್ದಾರೆ. ಎರಡಕ್ಕೆ ಹಾಕಿಸುತ್ತೇನೆ. ದೊಡ್ಡಮ್ಮನಿಗೆ ಹಾಕಿಸುವುದಿಲ್ಲ. ಅದರ ಮರಿ ಬೋಳಾಗಿ ಹುಟ್ಟಿದರೂ ನಮ್ಮ ದೊಡ್ಡಿಯದೇ. ಕೊಂಬು ಬಂದು ಕೆನ್ನೆಗೆ ತಿರುಗಿದರೆ ಮಾವನ ಗರಗಸವನ್ನು ಮೈದುನನ ಕೈಗೆ ಕೊಡುತ್ತೇನೆ. ಆ ಮರಿ ಬದುಕಿರುವವರೆಗೂ ಕತ್ತರಿಸಬೇಕಾದವನು ಅವನೇ. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ. ಗರಗಸದ ತುಕ್ಕನ್ನೂ ಬಿಡಿಸಿಲ್ಲ.

ಸ್ಥಳ: ಠಾಣೆ
ದಿನಾಂಕ: 14
ಫಿರ್ಯಾದಿಯ ಸಹಿ