ಗೋಮಾಳದ ಮಟ್ಟದ ಗೆರೆ

ಇದು ನನ್ನ ತಮ್ಮನ ಮಗಳು ಸಂಘಮಿತ್ರಳಿಗೆ ಆದದ್ದು. ಹೋದ ಜನವರಿಯಲ್ಲಿ, ನಗರಗೆರೆ ಕಡೆಯ ಒಂದು ಊರಿನಲ್ಲಿ. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಒಂದೇ ಒಂದು ಸಲ ಹೇಳಿದ್ದಳು.

ರಾತ್ರಿ ಎಂಟಾಗಿತ್ತು. ಹಾಳುಬಾವಿ ದಾಟಿ ಒಬ್ಬಳೇ ತಾನು ಉಳಿದುಕೊಂಡಿದ್ದ ಮನೆಗೆ ಬರುತ್ತಿದ್ದಳು. ಬಾವಿಯ ಆಚೆ ಗೋಮಾಳದ ದಿಣ್ಣೆ. ಅಲ್ಲಿಂದ ಸದ್ದು ಬಂತು... ಟಕ್. ಕಲ್ಲು ಮರಕ್ಕೆ ಬಡಿದ ಸದ್ದು. ಆಮೇಲೆ ಜರಕ್... ಮೊರಂಬಿನ ಕೆಂಪು ಗರಸು ಮಣ್ಣಿನ ಮೇಲೆ ಮರದ ಕಾಲು ಊರಿದ ಸದ್ದು. ಮತ್ತೆ ಟಕ್.

ಆ ಸದ್ದು ಅವಳಿಗೆ ಗೊತ್ತು. ಮಣ್ಣು ಕೊಚ್ಚಿಹೋಗದಂತೆ ಆ ದಿಣ್ಣೆಗೆ ಬದು ಹಾಕುವ ಕೆಲಸಕ್ಕೆ ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಕಲಿಸುತ್ತಿದ್ದವರು ಆ ಊರಿನ ಮುನಿನಾರಾಯಣಪ್ಪ, ಎಪ್ಪತ್ತು ದಾಟಿದವರು. ಎರಡು ಕಾಲಿನ ಮರದ ಚೌಕಟ್ಟು, ನಡುವೆ ದಾರದಲ್ಲಿ ತೂಗುವ ಕಲ್ಲು. ದಾರ ನಡುಗುರುತಿಗೆ ನಿಂತರೆ ಎರಡು ಕಾಲೂ ಒಂದೇ ಮಟ್ಟ. ಆ ಗುರುತು ಸರಿಯಿದೆಯೇ ಎಂದು ದಿನಾ ಬೆಳಿಗ್ಗೆ ಎರಡು ಕಾಲು ಅದಲುಬದಲಾಗುವಂತೆ ಚೌಕಟ್ಟನ್ನು ತಿರುಗಿಸಿ ನೋಡಲೇಬೇಕು.

"ತಿರುಗಿಸಿ ನೋಡಿದ್ಯೇನಮ್ಮಾ, ಕಾಲೇಜಮ್ಮಾ?" ಎಂದು ಅವರು ದಿನಾ ರೇಗಿಸುತ್ತಿದ್ದರು.

ಒಂದು ದಿನ ಅವಳು ನೋಡಿರಲಿಲ್ಲ. "ಹ್ಞೂಂ ತಾತ" ಅಂದುಬಿಟ್ಟಳು. ಬದುವಿನ ಗೆರೆಗೆ ಗೂಟ ನೆಟ್ಟಾಯಿತು. ಗೆರೆ ಇಳಿಜಾರಾಗಿದೆ ಎಂದು ತಾತನ ಪಳಗಿದ ಕಣ್ಣಿಗೆ ಕಂಡಿರಬೇಕು. ಹುಡುಗಿಗೆ ಅವಮಾನವಾಗಬಾರದೆಂದು, ಅವಳು ಊಟಕ್ಕೆ ಹೋದಾಗ, ಬಿಸಿಲಲ್ಲಿ ಒಬ್ಬರೇ ಚೌಕಟ್ಟು ಹೊತ್ತು ದಿಣ್ಣೆ ಹತ್ತಿದರು. ಅಲ್ಲೇ ಎದೆ ಹಿಡಿದುಕೊಂಡು ಬಿದ್ದರು. ಎದ್ದೇಳಲಿಲ್ಲ.

ಈ ರಾತ್ರಿಗೆ ಅದಾಗಿ ಒಂಬತ್ತು ದಿನ. ತನ್ನ ಸುಳ್ಳನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೆಳಗಾದರೆ ಆ ತಪ್ಪು ಗೆರೆಯ ಮೇಲೇ ಜೆಸಿಬಿ ಅಗೆಯುವುದಿತ್ತು. ಜೋರು ಮಳೆ ಬಂದರೆ ನೀರೆಲ್ಲ ಒಂದೇ ಕಡೆ ಹರಿದು ಬದು ಒಡೆದು, ಕೆಳಗಿನ ಹೊಲಗಳೆಲ್ಲ...

ದಿಣ್ಣೆ ಹತ್ತಿದಳು. ಬೆಳದಿಂಗಳಿತ್ತು. ಚೌಕಟ್ಟು ಹಿಡಿದವರ ಮುಖ ಮಾತ್ರ ಕಾಣಲಿಲ್ಲ.

"ತಾತ...?"

"ತಿರುಗಿಸಿ ನೋಡಿದ್ಯೇನಮ್ಮಾ?"

"ಇಲ್ಲ ತಾತ... ಸುಳ್ಳು ಹೇಳ್ಬಿಟ್ಟೆ."

ಚೌಕಟ್ಟಿನ ಒಂದು ಕಾಲು ಅವಳ ಕಡೆ ತಿರುಗಿತು.

"ಸರಿ ಬಿಡು. ಆ ಕಾಲು ಹಿಡ್ಕೋ."

ಟಕ್... ಜರಕ್... ಟಕ್. ಗೂಟಗಳನ್ನೆಲ್ಲ ಕಿತ್ತು ಹೊಸದಾಗಿ ನೆಡುವಷ್ಟರಲ್ಲಿ ಕೋಳಿ ಕೂಗಿತು. ಕೊನೆಯ ಗೂಟ ಹೊಡೆದು ಅವಳು ಕೇಳಿದಳು: "ನಾನು ನಿಜ ಹೇಳಿದ್ದಿದ್ರೆ ನೀವು ಅವತ್ತು ದಿಣ್ಣೆ ಹತ್ತುತ್ತಿರ್ಲಿಲ್ಲ, ಅಲ್ವಾ ತಾತ?"

ತಲೆಯೆತ್ತಿದರೆ ಚೌಕಟ್ಟು ಮಾತ್ರ ನೆಲದ ಮೇಲಿತ್ತು. ಈಗಲೂ ನಿದ್ದೆಯಲ್ಲಿ ಅದನ್ನೇ ಕೇಳುತ್ತಾಳೆ.

ಅಂದೇ ಬೆಳಿಗ್ಗೆ ಅವಳು ಫೋನ್ ಮಾಡಿದ ಕೂಡಲೇ ಮೊದಲ ಬಸ್ಸಿಗೆ ಗೌರಿಬಿದನೂರಿನಿಂದ ಹೊರಟೆ. ತಪ್ಪನ್ನು ತೀರಿಕೊಂಡವರ ಮನೆಯಲ್ಲಿಯೇ ಒಪ್ಪಿಕೊಳ್ಳಬೇಕು ಎಂದು ಅವಳ ಕೈಹಿಡಿದು ಕರೆದೊಯ್ದವಳು ನಾನೇ. ಮುನಿನಾರಾಯಣಪ್ಪನವರ ಹೆಂಡತಿ ಅಮ್ಮಾಜಮ್ಮ ಎಲ್ಲವನ್ನೂ ಕೇಳಿದರು. ಬಯ್ಯಲಿಲ್ಲ. ಅಳಲೂ ಇಲ್ಲ.

"ಬನ್ನಿ" ಎಂದು ಬಚ್ಚಲಿಗೆ ಕರೆದುಕೊಂಡು ಹೋದರು. "ಮನೇಲಿ ನಾನೊಬ್ಬಳೇ ಇರೋದು ಕಣಮ್ಮಾ..."

ಯಾರೋ ಬೋಗುಣಿಯಲ್ಲಿ ಕಾಲು ತೊಳೆದಿದ್ದರು. ದಿಣ್ಣೆಯ ಮೊರಂಬಿನಿಂದ ನೀರು ಇನ್ನೂ ಕೆಂಪಗಿತ್ತು. ನಾನು ಕೇಳಿದ ಮಾತಲ್ಲ ಇದು, ಬಾಗಿ ಕಣ್ಣಾರೆ ನೋಡಿದ್ದು. ಚೆಲ್ಲಿಬಿಡೋಣವೆಂದು ಬೋಗುಣಿಗೆ ಕೈ ಹಾಕಿದೆ. ಅಮ್ಮಾಜಮ್ಮ ಬಿಡಲಿಲ್ಲ.